ಮಣ್ಣೊಳಗಿಳಿದ ಮದುಮಗ

ನಮ್ಮೂರಲ್ಲಿ ಕಪ್ಪೆ ಎಲ್ಲಿ ಎದ್ರೂ ನನ್ ಹೆಸರೇ ಮೊದ್ಲು ಬರೋದು. ಸಾಕಾಗೋಗಿದೆ. ಕಪ್ಪೆ ಬಿಟ್ಟು ಜನಾನ ಹೆದರ್ಸೋ ತರ್ಲೆನ ನಾನು ಬಿಟ್ರೂ ಊರೋರು ಬಿಡಲ್ಲ.

೧. ತೆಂಗಿನ ಗುಂಡಿ

ಗುಬ್ಬಿ ಹತ್ರ ನಮ್ಮೂರು. ಊರ ಹಿಂದೆ ಬರೀ ಕುರುಚಲು ಕಾಡು. ಅಲ್ಲೊಂದು ಜಾತಿ ಕಪ್ಪೆ ಇದೆ, ಬೋಂಡದ ಥರ ಗುಂಡಗೆ. ಬೇಸಿಗೆ ಬಂತಂದ್ರೆ ಹಿಂಗಾಲಲ್ಲಿ ಮಣ್ಣು ಕೆರೀತಾ, ರಿವರ್ಸ್ ಗೇರ್ ಹಾಕಿದ ಟ್ರ್ಯಾಕ್ಟರ್ ಥರ ಭೂಮಿಯೊಳಗೆ ಇಳಿದು ಮಲಗಿಬಿಡುತ್ತೆ. ಮಳೆ ಬಂದ್ರೇನೇ ಮೇಲೆ ಬರೋದು.

ದೊಡ್ಡಪ್ಪ ತೆಂಗಿನ ಸಸಿಗೆ ಗುಂಡಿ ತೋಡ್ತಿದ್ರು. ಆಳದಿಂದ ಅಂಥದ್ದೊಂದು ಎದ್ದು ಅವರ ಕಾಲ ಮೇಲೆ ಕೂತ್ಕೊಳ್ತು. ಗುದ್ದಲಿ ಬಿಸಾಕಿ, "ಏನ್ಲಾ, ಇದು ನಿಂದೇ ಕೆಲ್ಸ!" ಅಂದ್ರು.

"ಅಷ್ಟು ಆಳಕ್ಕೆ ನಾನ್ ಹೆಂಗ್ ಇಡ್ಲಿ ದೊಡ್ಡಪ್ಪ? ಅಗೆದಿದ್ದು ನೀವೇ ಅಲ್ವಾ?"

"ಬೇರೆಯೋರಾಗಿದ್ರೆ ನಾನೂ ಹಂಗೇ ಅಂತಿದ್ದೆ ಕಣ್ಲಾ."

ಅವ್ವ ಅದನ್ನೇ ನಂಬಿ ನನ್ ಫೋನ್ ಕಿತ್ಕೊಂಡ್ಲು.

೨. ಗಂಡು ಯಾವುದು?

ಮಳೆ ಬರಲಿ ಅಂತ ಊರೋರು ಕಪ್ಪೆ ಮದುವೆ ಮಾಡೋಕೆ ಹೊರಟ್ರು. ಕೆರೆ ಒಣಗಿತ್ತು, ಕಪ್ಪೆ ಎಲ್ಲಿ? ಎಲ್ರೂ ನನ್ ಕಡೆ ತಿರುಗಿದ್ರು. "ತರ್ಲೆ ಇಲ್ದೆ ಮದುವೆ ಮುಗೀಲಿ, ಫೋನ್ ವಾಪಸ್ ಕೊಡ್ತೀನಿ," ಅಂದ್ಲು ಅವ್ವ. ಅಗೆದು ಅಗೆದು ಬೆನ್ನು ಬಿದ್ದೋಯ್ತು. ಕೊನೆಗೂ ಎರಡು ಸಿಕ್ಕಿದ್ವು.

"ಮಳೇಲಿ ಕೂಗೋದು ಗಂಡು, ಸುಮ್ನಿರೋದು ಹೆಣ್ಣು," ಅಂದ್ಲು ಅಜ್ಜಿ.

ತಾತ ಅಜ್ಜಿ ಮುಖಾನೇ ನೋಡ್ತಾ, "ನಮ್ಮನೇಲಿ ಹಂಗಿಲ್ವಲ್ಲ" ಅಂದ.

೩. ಮುಹೂರ್ತ

ಪಾಪ, ಬಿಸಿಲಿಗೆ ಒಣಗಬಾರ್ದು ಅಂತ ಬಾಂಡ್ಲಿ ತುಂಬ ಒದ್ದೆ ಮಣ್ಣು ಹಾಕಿ ಇಬ್ರನ್ನೂ ಕೂರ್ಸಿದೆ. ಅರಿಶಿನ, ಕುಂಕುಮ, ಸೇವಂತಿಗೆ ಎಲ್ಲಾ ಹಾಕಿದ್ರು. ಮಧ್ಯೆ ಅಂತರಪಟ ಅಂತ ಟವಲ್ ಹಿಡಿದು ಹಾಡು ಹೇಳಿದ್ರು. ಟವಲ್ ಸರಿಸಿದ್ರೆ ಗಂಡಿಲ್ಲ!

"ಎಲ್ಲಿ ಬಚ್ಚಿಟ್ಟೆ ಹೇಳ್ಲಾ!" ಅಂತ ದೊಡ್ಡಪ್ಪ ನನ್ ಜೇಬಿಗೇ ಕೈ ಹಾಕಿದ್ರು. ಜೇಬು ತಡಕಿ ಮುಗಿಸೋದ್ರೊಳಗೆ ಹೆಣ್ಣೂ ಇಲ್ಲ.

"ಮಣ್ಣೊಳಗೆ ಹೋಗವ್ರೆ, ಅಗೆದು ನೋಡಿ," ಅಂದೆ. ದೊಡ್ಡಪ್ಪ ಬಾಂಡ್ಲಿಗೆ ಕೈ ಹಾಕಿದ್ರು.

ಅಜ್ಜಿ ಆ ಕೈಗೆ ಒಂದೇಟು ಕೊಟ್ಲು: "ಮದುವೆ ಆದ ಗಂಡ ಹೆಂಡ್ತಿ ಒಳಗೆ ಹೋಗವ್ರೆ. ನಿಂಗೇನೋ ಅಲ್ಲಿ ಕೆಲ್ಸ? ಬುಡು!"

ಊರೆಲ್ಲಾ ನಕ್ತು. ಅವ್ವಾನೂ ನಕ್ಕು ಫೋನ್ ಕೊಟ್ಲು. "ಮೊದ್ಲು ಫ್ಯಾಮಿಲಿ ಗ್ರೂಪಿಗೆ ಒಂದ್ ಫೋಟೋ ಹಾಕು." ಹಾಕಿದೆ. ಫೋಟೋದಲ್ಲಿ ಇನ್ನೇನಿರುತ್ತೆ? ಗುಡ್ಡೆ ಮಣ್ಣು, ಮೇಲೆ ಹೂವು, ಪಕ್ಕದಲ್ಲಿ ದೀಪ, ಸುತ್ತ ನಿಂತ ನಮ್ ಜನ.

ಒಂದರ ಹಿಂದೊಂದು 'ಓಂ ಶಾಂತಿ' ಬರೋಕೆ ಶುರುವಾಯ್ತು. ಸಂಜೆಗೆ ಕುಣಿಗಲ್‌ನಿಂದ ಮಾವ ದೊಡ್ಡ ಹಾರ ಹಿಡ್ಕೊಂಡು ಬಂದಿಳಿದು, "ಅಕ್ಕಾ, ಯಾರಕ್ಕಾ ಹೋಗಿದ್ದು?" ಅಂತ ಬಾಗಿಲಲ್ಲೇ ಅತ್ತುಬಿಟ್ಟ.

ಅವ್ವ ನನ್ ಕಡೆ ಕೈ ಚಾಚಿದ್ಲು. ನಾನು ಆ ಕೈಗೆ ಫೋನ್ ಇಟ್ಟೆ.