ನೋಡಾಕ ಚಂದ ಐತಿ, ಕತಿ ಇಲ್ಲ

ಕ್ರಾಂತಿಕುಮಾರನ ಅನಾಹುತಕ್ಕೆಲ್ಲ ಕಾರಣವಾದದ್ದು ನಲವತ್ತು ಸೆಕೆಂಡಿನ ಒಂದು ವಾಯ್ಸ್ ಮೆಸೇಜು.

ಕೂಡ್ಲಿಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಅವನು ಗುಮಾಸ್ತ, ಫೇಸ್‌ಬುಕ್ಕಿನಲ್ಲಿ ಸಿನಿಮಾ ವಿಮರ್ಶಕ. ಸಂಬಳ ಮೊದಲನೆಯದರಿಂದ ಬರುತ್ತಿತ್ತು, ಗತ್ತು ಎರಡನೆಯದರಿಂದ. ವಯಸ್ಸು ಮೂವತ್ತಾರು. ನೋಡಿದ ಹನ್ನೊಂದು ಹೆಣ್ಣುಗಳಲ್ಲಿ ಹತ್ತು ಜನ ಇವನನ್ನು ಬೇಡವೆಂದಿದ್ದರು. ಹನ್ನೊಂದನೆಯವಳು, ಹರಪನಹಳ್ಳಿಯ ಪಕ್ಕೀರಪ್ಪನವರ ಮಗಳು ಸಂಗೀತಾ, ಮೊನ್ನೆ ಭಾನುವಾರ ಹೂಂ ಅಂದಿದ್ದಳು. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಏನೋ ಕೆಲಸ ಮಾಡುತ್ತಾಳಂತೆ. ಏನು ಕೆಲಸವೆಂದು ಇವನು ಕೇಳಿರಲಿಲ್ಲ, ಚಂದ ಇದ್ದಾಳೆಂಬುದನ್ನು ಮಾತ್ರ ಗಮನಿಸಿದ್ದ. ಗುರುವಾರ ನಿಶ್ಚಿತಾರ್ಥ. ಇದೂ ಕೈತಪ್ಪಿದರೆ ಇನ್ನು ಹೆಣ್ಣು ಹುಡುಕುವುದಿಲ್ಲ ಎಂದು ಅವನ ತಾಯಿ ಕೈಮುಗಿದು ಹೇಳಿಯಾಗಿತ್ತು.

ಸೋಮವಾರ ಸಂಜೆ ಅವನು ಕನ್ನಡಕ್ಕೆ ಡಬ್ ಆದ ಚೀನಾದ ಅನಿಮೇಷನ್ ಸಿನಿಮಾವೊಂದನ್ನು ಮೊಬೈಲಿನಲ್ಲಿ ನೋಡಿದ. ಮೋಡದ ಮೇಲೊಂದು ಕೆರೆ, ಕೆರೆಯ ತುಂಬ ತೇಲುವ ದೀಪಗಳು, ನಡುವೆ ಒಂದು ಕೆಂಪು ಮೀನು. ಆ ಮೀನು ಹುಡುಗಿಯಾಗಿ, ಹುಡುಗಿ ಹಕ್ಕಿಯಾಗಿ, ಹಕ್ಕಿ ದೇವತೆಯಾಗಿ, ಯಾಕೆ ಆದೆನೆಂದು ಒಬ್ಬರಿಗೂ ಹೇಳದೆ ಮತ್ತೆ ಮೀನಾಗುತ್ತದೆ. ಮಂಗಳವಾರ ಬೆಳಿಗ್ಗೆ ತನ್ನೂರು ಕೊಟ್ಟೂರಿನಿಂದ ಕೂಡ್ಲಿಗಿ ಬಸ್ಸು ಹತ್ತಿದಾಗ ಗೆಳೆಯ ಪ್ರವೀಣಕುಮಾರ 'ಹೆಂಗಿತ್ತಲೇ?' ಎಂದು ಕೇಳಿದ್ದು ಮೊಬೈಲಿನಲ್ಲಿ ಕಂಡಿತು. ಕ್ರಾಂತಿಕುಮಾರ ಬಸ್ಸಿನ ಸದ್ದನ್ನೂ ಮೀರಿಸಿ ವಾಯ್ಸ್ ಮೆಸೇಜಿನಲ್ಲಿ ಉತ್ತರ ಕೊಟ್ಟ.

"ನೋಡಾಕ ಭಾಳ ಚಂದ ಐತಲೇ. ಬಣ್ಣ, ಕಣ್ಣು, ಕೂದ್ಲು, ಎಲ್ಲಾ ತಿದ್ದಿ ಬರದಂಗ. ಆದ್ರ ಒಳಗ ಏನೂ ಇಲ್ಲ. ಯಾವಾಗ ಅಳತೈತಿ, ಯಾವಾಗ ನಗತೈತಿ, ಅದಕ್ಕ ಗೊತ್ತಿಲ್ಲ. ಎರಡು ತಾಸು ಕುಂತೆ, ಒಂದು ಮಾತು ಎದಿಗೆ ತಾಗಲಿಲ್ಲ. ಚೀನಾ ಮಾಲು ನೋಡು, ಮ್ಯಾಲ ಥಳಕು, ಒಳಗ ಹುಳುಕು."

ಹಿಂದಿನ ಸೀಟಿನಲ್ಲಿದ್ದವರು ಪಕ್ಕದ ಮನೆಯ ಬಸಲಿಂಗಮ್ಮ. ಈ ಸೀಮೆಯಲ್ಲಿ ಮದುವೆಯಾಗದ ಹುಡುಗಿಯನ್ನು 'ಅದು' ಎನ್ನುವುದು ರೂಢಿ. ಹುಡುಗಿಯೂ ಐತಿ, ಎಮ್ಮೆಯೂ ಐತಿ, ಸಿನಿಮಾವೂ ಐತಿ. ಭಾನುವಾರ ಇವನು ಹೆಣ್ಣು ನೋಡಿದ್ದು ಬಸಲಿಂಗಮ್ಮನಿಗೆ ಗೊತ್ತಿತ್ತು, ಸೋಮವಾರ ಸಿನಿಮಾ ನೋಡಿದ್ದು ಗೊತ್ತಿರಲಿಲ್ಲ. ಬಸ್ಸು ಊರು ದಾಟುವ ಮೊದಲೇ ಹರಪನಹಳ್ಳಿಯಲ್ಲಿ ಸಂಗೀತಾಳ ಸೋದರತ್ತೆ ಗಾಳೆಮ್ಮನ ಫೋನು ಹೊಡೆದುಕೊಂಡಿತು.

ಇವನು ಕಚೇರಿ ತಲುಪುವಷ್ಟರಲ್ಲಿ ಪಕ್ಕದ ಮೇಜಿನ ಅನ್ನದಾನಮ್ಮನಿಗೂ ಸುದ್ದಿ ಮುಟ್ಟಿತ್ತು. ಅವರ ತವರು ಗಾಳೆಮ್ಮನ ಓಣಿಯಲ್ಲೇ.

"ಏನಪಾ, ನೋಡಾಕ ಚಂದ, ಒಳಗ ಏನಿಲ್ಲ ಅಂದಿಯಂತ?"

ಕ್ರಾಂತಿಕುಮಾರನ ಎದೆ ಉಬ್ಬಿತು. ಆರು ವರ್ಷ ವಿಮರ್ಶೆ ಬರೆದರೂ ಒಬ್ಬ ಮನುಷ್ಯನೂ ಓದಿದೆನೆಂದು ಹೇಳಿರಲಿಲ್ಲ. ಈಗ ಅವನ ಅಭಿಪ್ರಾಯ ಅವನಿಗಿಂತ ಮೊದಲೇ ಕಚೇರಿಗೆ ಬಂದಿದೆ.

"ಇದ್ದದ್ದು ಇದ್ದಂಗ ಹೇಳೀನ್ರಿ ಅಕ್ಕಾ."

"ಇನ್ನೊಂದು ಸಲ ನೋಡು. ಹಿಡಿಸೀತು."

"ಒಂದು ಸಲ ನೋಡಿದ್ದ ಭಾಳಾತು. ಸೌಂಡ್ ಬಂದ್ ಮಾಡಿದ್ರ ಮಾತ್ರ ಚೊಲೋ ಐತಿ. ಬಾಯಿ ತೆಗೀತಂದ್ರ ತಲಿನೋವು."

ಸೂಪರಿಂಟೆಂಡೆಂಟ್ ಉಜ್ಜಿನಪ್ಪನವರು ಕಡತದಿಂದ ತಲೆ ಎತ್ತಿದರು. "ನಿನಗಿಂತ ಮೊದ್ಲು ಬ್ಯಾರೆ ಯಾರರ ನೋಡ್ಯಾರೇನು?"

"ಲಕ್ಷಗಟ್ಟಲೆ ಮಂದಿ ನೋಡ್ಯಾರ್ರಿ ಸರ್. ಎಲ್ಲಾರೂ ನಾಕು ಸ್ಟಾರ್ ಕೊಟ್ಟಾರ. ನಾನು ಎರಡರ ಮ್ಯಾಲ ಕೊಡಂಗಿಲ್ಲ."

ಅನ್ನದಾನಮ್ಮನ ಕೈಯಲ್ಲಿದ್ದ ಚಹಾ ರಜೆ ಅರ್ಜಿಗಳ ಮೇಲೆ ಚೆಲ್ಲಿತು. ಅದನ್ನು ಒರೆಸದೆ ಅವರು ಫೋನು ಹಿಡಿದು ವರಾಂಡಕ್ಕೆ ನಡೆದರು.

ಮಧ್ಯಾಹ್ನ ಮೂರಕ್ಕೆ ಕಚೇರಿ ಮುಂದೆ ಒಂದು ಜೀಪು ನಿಂತಿತು. ಅದರಿಂದ ಮೊದಲು ಗಾಳೆಮ್ಮ, ಆಮೇಲೆ ಪಕ್ಕೀರಪ್ಪ, ಕೊನೆಗೆ ಸಂಗೀತಾ ಇಳಿದರು. ಮಾತು ಗಾಳೆಮ್ಮನದೇ.

"ನಮ್ಮ ಹುಡುಗಿ ಚೀನಾ ಮಾಲೇನೋ? ಬಾಯಿ ತೆಗೆದ್ರ ನಿನಗ ತಲಿನೋವೇನು? ಲಕ್ಷ ಮಂದಿ ನೋಡ್ಯಾರಂತಿಯಲ್ಲ, ಯಾರ್ಯಾರು ನೋಡ್ಯಾರ, ಹೆಸರು ಹೇಳು."

ಬೆಳಗಿನಿಂದ ತಾನು ಆಡಿದ ಮಾತುಗಳೆಲ್ಲ ಕ್ರಾಂತಿಕುಮಾರನ ತಲೆಯಲ್ಲಿ ಒಂದೊಂದಾಗಿ ಹುಡುಗಿಯಾದವು. ಅವನು ಮೊಬೈಲು ತೆಗೆದು ಸಿನಿಮಾ ಹಚ್ಚಿ ಮೇಜಿನ ಮೇಲಿಟ್ಟ.

"ಅತ್ತಿ, ಇದಕ್ಕ ಅಂದಿದ್ದು. ನಮ್ಮವ್ವನಾಣಿ ಇದಕ್ಕ."

ಇಡೀ ಕಚೇರಿ ಮೊಬೈಲಿನ ಮೇಲೆ ಬಗ್ಗಿತು. ದೀಪಗಳು ತೇಲಿದವು. ಗಾಳೆಮ್ಮನೂ ಬಾಯಿಬಿಟ್ಟುಕೊಂಡು ನೋಡಿದಳು. ಐದು ನಿಮಿಷವಾದ ಮೇಲೆ ಪಕ್ಕೀರಪ್ಪ ಕೇಳಿದರು, "ಈ ಮೀನು ಹುಡುಗಿ ಆಗಿದ್ದು ಯಾಕ?"

"ಅದನ್ನ ನಾನೂ ಕೇಳಾದು ಮಾವಾರ."

ಪಕ್ಕೀರಪ್ಪ ಹೊಟ್ಟೆ ಹಿಡಿದು ನಕ್ಕರು. ಉಜ್ಜಿನಪ್ಪನವರು ಎಲ್ಲರಿಗೂ ಚಹಾ ತರಿಸಿದರು. ಗುರುವಾರಕ್ಕೆ ಎಷ್ಟು ಮಂದಿ ಬರುತ್ತೀರೆಂದು ಗಾಳೆಮ್ಮ ಮೆತ್ತಗೆ ವಿಚಾರಿಸಿದಳು. ಹೋದ ಜೀವ ಬಂದಂತಾಗಿ ಕ್ರಾಂತಿಕುಮಾರ ಕಾಲಮೇಲೆ ಕಾಲು ಹಾಕಿ ಕುಳಿತ.

ಆಗ ಸಂಗೀತಾ ಕೇಳಿದಳು, "ಕತಿ ಬಿಡ್ರಿ. ಅದರಾಗಿನ ಮಾತು ಹೆಂಗದಾವ?"

ಭಾವೀ ಹೆಂಡತಿ ವಿಮರ್ಶೆ ಕೇಳುತ್ತಿದ್ದಾಳೆ. ಅವನು ಗಂಟಲು ಸರಿಮಾಡಿಕೊಂಡ. "ಕತಿ ಚೀನಾದವ್ರು ಕೆಡಿಸ್ಯಾರ, ಮಾತು ಕೆಡಿಸಿದಾವ ನಮ್ಮವನ. 'ಎಲೈ ಮೀನೇ, ನಿನ್ನ ಕಣ್ಣೀರು ಕೆರಿಗೆ ಗೊತ್ತು' ಅಂತ ಬರದಾನ. ಅವನು ಯಾವನೋ ನಿದ್ದಿಗಣ್ಣಾಗ ಬರದಿರಬೇಕು. ಸಿಕ್ರ ನಾನ ಕೈಹಿಡಿದು ಅಕ್ಷರ ತಿದ್ದಸ್ತೀನಿ."

ಸಂಗೀತಾ ಮೊಬೈಲು ಎತ್ತಿಕೊಂಡು, ಸಿನಿಮಾವನ್ನು ಕೊನೆಯ ತನಕ ಓಡಿಸಿ, ಅವನ ಕಣ್ಣ ಮುಂದೆ ಹಿಡಿದಳು. ಯಾವ ವಿಮರ್ಶಕನೂ ಕಾಯದ ಆ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು ಮೇಲೇರುತ್ತಿತ್ತು: ಕನ್ನಡ ಸಂಭಾಷಣೆ, ಸಂಗೀತಾ ಪಕ್ಕೀರಪ್ಪ.

"ನಿದ್ದಿಗಣ್ಣಾಗ ಅಲ್ರಿ, ಮೂರು ತಿಂಗಳು ಕುಂತು ಬರದೀನಿ," ಎಂದಳು. "ಭಾನುವಾರ ನೀವೂ ನಮ್ಮನ್ಯಾಗ ಎರಡು ತಾಸು ಕುಂತಿದ್ರಿ. ರೊಟ್ಟಿ ಬಡಿಯಾಕ ಬರ್ತತೇನು ಅಂದ್ರಿ. ಏನು ಕೆಲಸ ಮಾಡ್ತಿ ಅಂತ ಕೇಳಲಿಲ್ಲ. ನನಗ ಏನರ ಅಂದಿದ್ರ ತಾಳಿಕೋತಿದ್ದೆ."

ಅವಳು ಜೀಪಿನ ಕಡೆ ನಡೆದಳು. ಗಾಳೆಮ್ಮ ಹಿಂದೆಯೇ ಹೋದಳು. ಪಕ್ಕೀರಪ್ಪ ಅರ್ಧ ಚಹಾ ಇದ್ದ ಲೋಟವನ್ನು ಸಂಕಟದಿಂದ ನೋಡಿ, ಕೆಳಗಿಟ್ಟು ಎದ್ದರು.

ಸಂಜೆ ಬಸ್ಸಿನಲ್ಲಿ ಹಿಂದಿನ ಸೀಟು ಮತ್ತೆ ಬಸಲಿಂಗಮ್ಮನದೇ.

"ಹುಡುಗಿ ಕಡೇರು ಬಂದಿದ್ರಂತ. ಈಗರ ಖರೇ ಹೇಳಪಾ, ಹುಡುಗಿ ಹೆಂಗ ಐತಿ?"

ಕ್ರಾಂತಿಕುಮಾರ ಮೊಬೈಲನ್ನು ಆಫ್ ಮಾಡಿ ಕಿಸೆಗೆ ಹಾಕಿಕೊಂಡ.

"ಚಂದ ಐತ್ರಿ ದೊಡ್ಡವ್ವಾ. ಕತಿನೂ ಐತಿ. ನಂದ ಮುಗೀತು."