ಸೈರನ್ನಿಗೆ ಕಾದ ರಾಜ

ಸುಸ್ತಿನಲ್ಲಿ ಹಲವು ಬಗೆ. ರಗ್ಗು ಒಗೆದಾಗ ಆಗುವ ಸುಸ್ತು ಒಂದು, ನೆಂಟರನ್ನು ಬಸ್ಸು ಹತ್ತಿಸಿ ಬಂದಾಗ ಆಗುವ ಸುಸ್ತು ಇನ್ನೊಂದು. ಇವೆರಡೂ ಒಂದು ಲೋಟ ಕಾಫಿಗೆ ಇಳಿಯುತ್ತವೆ. ಆದರೆ ಮೇಲಿನವರು ಎಲ್ಲಿಂದಲೋ ಉತ್ಸಾಹ ತುಂಬಿಕೊಂಡು ಬಂದು ನಮ್ಮ ತಲೆಯ ಮೇಲೆ ಸುರಿದಾಗ ಆಗುವ ಸುಸ್ತಿದೆಯಲ್ಲ, ಅದಕ್ಕೆ ಮದ್ದಿಲ್ಲ. ಜಾಲಹಳ್ಳಿಯ ಕಡೆ ಫ್ಯಾಕ್ಟರಿ ಕ್ವಾರ್ಟರ್ಸಿಗೆ ಅಂಟಿಕೊಂಡಿದ್ದ ಶಾಲೆಯೊಂದರಲ್ಲಿ ಮೂರನೇ ಕ್ಲಾಸಿನ ಮಿಸ್ಸಾಗಿದ್ದಾಗ ನನಗೆ ಹಿಡಿದದ್ದು ಈ ಮೂರನೆಯ ಬಗೆಯ ಸುಸ್ತು.

ನಮ್ಮ ಹೆಡ್ ಮಿಸ್ ಪದ್ಮಾವತಮ್ಮನವರು ಯಾವುದೋ ತರಬೇತಿಗೆ ಹೋಗಿಬಂದರು. ಹೋಗುವಾಗ ಒಳ್ಳೆಯವರಾಗಿಯೇ ಇದ್ದರು. ಬಂದವರೇ ನನ್ನನ್ನು ಕರೆದು, "ಇನ್ಮೇಲೆ ವ್ಯಾಕರಣಾನ ಬಾಯಿಪಾಠ ಮಾಡ್ಸೋ ಹಾಗಿಲ್ಲ ಸರೋಜಾ. ಕತೆ ಹೇಳ್ಬೇಕು, ಚಿತ್ರ ಬರೆಸ್ಬೇಕು, ಹಾಡಿಸ್ಬೇಕು. ಮಕ್ಕಳಿಗೆ ಗೊತ್ತೇ ಆಗದ ಹಾಗೆ ಕಲ್ತ್ಬಿಡ್ಬೇಕು" ಎಂದರು. ಗೊತ್ತೇ ಆಗದ ಹಾಗೆ ಮರೆಯುವುದು ನಮ್ಮ ಮಕ್ಕಳಿಗೆ ಆಗಲೇ ಬರುತ್ತದೆ, ಕಲಿಯುವುದು ಹೇಗೋ ಕಾಣೆ ಎನ್ನಬೇಕೆನಿಸಿತು. ಆದರೆ ನಾನು ಟೆಂಪರರಿ. ಪ್ರತಿ ಬೇಸಗೆಗೆ ಮನೆಗೆ ಕಳಿಸಿ, ಶಾಲೆ ತೆರೆದಾಗ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಉಗುರು ಕಚ್ಚಿಸುವ ಜಾತಿಯ ಮೇಷ್ಟರಲ್ಲಿ ನಾನೂ ಒಬ್ಬಳು. ಈ ಸಲ ಇನ್‌ಸ್ಪೆಕ್ಟರು ಬಂದು ನನ್ನ ಪಾಠ ಮೆಚ್ಚಿದರೆ ಖಾಯಂ ಮಾಡುತ್ತೇವೆ ಎಂದು ಕಮಿಟಿಯವರು ಹೇಳಿದ್ದರು. ಆ ಒಂದು ಮಾತಿಗಾಗಿ ನಾನು ಭರತನಾಟ್ಯ ಮಾಡಬೇಕಾಗಿ ಬಂದಿದ್ದರೂ ಮಾಡುತ್ತಿದ್ದೆ.

ಪಾಠ ವಿಭಕ್ತಿಯದು. ನಾವೆಲ್ಲ ಚಿಕ್ಕವರಿದ್ದಾಗ ಮಗ್ಗಿಯ ಹಾಗೆ ಕೂಗಿ, ಏಟು ತಿಂದು ಕಲಿತದ್ದು. ನಮ್ಮಪ್ಪನ ಕಾಲದ ಮೇಷ್ಟರಂತೂ ಸಪ್ತಮಿ ಮುಟ್ಟುವಷ್ಟರಲ್ಲಿ ಬೆತ್ತ ಮುರಿಯುತ್ತಿದ್ದರಂತೆ. ನಾನು ಹರಿಕತೆ ಧಾಟಿಯಲ್ಲಿ ಒಬ್ಬ ರಾಜನನ್ನು ಹುಟ್ಟಿಸಿದೆ. ರಾಜನು ಮಾಕಳಿ ಸಂತೆಗೆ ಹೊರಟ. ರಾಜನನ್ನು ನಾಯಿ ಅಟ್ಟಿತು. ರಾಜನಿಂದ ಓಡಲಾಗಲಿಲ್ಲ. ರಾಜನಿಗೆ ಸುಸ್ತಾಯಿತು, ಮರದ ಕೆಳಗೆ ಕೂತ. ಮತ್ತೆ ಎದ್ದು ಓಡಿದ, ರಾಜನ ದೆಸೆಯಿಂದ ನಾಯಿಗೂ ಸುಸ್ತಾಯಿತು. ರಾಜನ ಪೇಟ ಬಿತ್ತು. ರಾಜನಲ್ಲಿ ಉಸಿರೇ ಉಳಿಯಲಿಲ್ಲ. ಕಥಾನಾಯಕನಿಗೆ ಯಾಕಿಷ್ಟು ಆಯಾಸ ಎಂದು ಹೆಡ್ ಮಿಸ್ ಕೇಳಿದರು. ಬರೆದವಳ ಮುಖ ನೋಡಿದ್ದರೆ ಕೇಳುತ್ತಿರಲಿಲ್ಲ.

ಚಿತ್ರ ಬರೆಯಿರಿ ಎಂದರೆ ಮಕ್ಕಳು ರಾಜನಿಗೆ ಖಾಕಿ ಪ್ಯಾಂಟು ತೊಡಿಸಿದರು. ಕೈಗೆ ಖಡ್ಗದ ಬದಲು ಟಿಫಿನ್ ಕ್ಯಾರಿಯರ್ರು, ಎದೆಗೆ ಫ್ಯಾಕ್ಟರಿ ಬ್ಯಾಡ್ಜು. ಅವರು ಕಂಡ ದೊಡ್ಡ ಮನುಷ್ಯರು ಅವರ ಅಪ್ಪಂದಿರೇ ತಾನೆ. ಭಜನಾ ಮಂಡಳಿಯಿಂದ ಒಂದು ಡೋಲಕ್ ಕೂಡ ಬಂತು. ದಿನವೂ ಕಿರುಚಿ ಕಿರುಚಿ ನನ್ನ ಗಂಟಲು ಎಂಥ ಸ್ಥಿತಿಗೆ ಬಂತೆಂದರೆ, ಮನೆಯಲ್ಲಿ ನಮ್ಮ ಯಜಮಾನರು "ಎರಡು ವಾರದಿಂದ ಮನೇಲಿ ಎಷ್ಟು ನೆಮ್ಮದಿ ಕಣೇ" ಎಂದುಬಿಟ್ಟರು.

ನೆಮ್ಮದಿ ಇಲ್ಲದವರೆಂದರೆ ಶಾಲೆಯ ಗೋಡೆಗೇ ಅಂಟಿದ ಮನೆಯ ನಂಜುಂಡಪ್ಪನವರು. ಅವರಿಗೆ ನೈಟ್ ಶಿಫ್ಟು, ಹಗಲು ನಿದ್ದೆ. ಒಂದು ದಿನ ಲುಂಗಿ ಬನಿಯನ್ನಿನಲ್ಲೇ ಕಾಂಪೌಂಡಿನ ಮೇಲೆ ತಲೆ ಇಟ್ಟು, "ಏನ್ ಮಿಸ್ ಇದು? ಮಿಷಿನ್ ಪಕ್ಕದಲ್ಲಿ ಬೇಕಾದ್ರೆ ಮಲಗ್ತೀನಿ, ನಿಮ್ಮ ರಾಜನ್ ಪಕ್ಕದಲ್ಲಿ ಆಗಲ್ಲ. ಮುಗಿಯೋಗಂಟ ಕಣ್ಣು ಮುಚ್ಚಕ್ಕೇ ಬಿಡಲ್ವಲ್ಲ ಅವ್ನು!" ಎಂದರು. ಇನ್‌ಸ್ಪೆಕ್ಟರು ಬಂದುಹೋಗುವ ತನಕ ತಡ್ಕೊಳ್ಳಿ ಅಣ್ಣಾ ಎಂದು ಕೈ ಮುಗಿದೆ. ತಡ್ಕೊಂಡರು, ಪಾಪ.

ಇನ್ನೊಂದು ತೊಂದರೆ ಫ್ಯಾಕ್ಟರಿಯ ಸೈರನ್ನು. ಊಟ ಮುಗಿಸಿದವರು ಮತ್ತೆ ಮಿಷಿನ್ನಿಗೆ ಹೋಗಬೇಕೆಂದು ಕೂಗುವ ಸೈರನ್ನು ಸರಿಯಾಗಿ ನಮ್ಮ ರಾಜ ಮರದ ಕೆಳಗೆ ಕೂತಾಗಲೇ ಆಗುತ್ತಿತ್ತು. ಆ ಊಳಿನ ಮೇಲೆ ಹಾಡಲು ಯಾರಿಂದಾದೀತು? ನಾನು ಕೈ ಎತ್ತುತ್ತಿದ್ದೆ, ಡೋಲಕ್ ನಿಲ್ಲುತ್ತಿತ್ತು, ಮಕ್ಕಳೆಲ್ಲ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಸೈರನ್ನು ನಿಂತೊಡನೆ ಧಡಾರನೆ ಎದ್ದು ಮುಂದಿನ ಸಾಲಿಗೆ ಹಾರುತ್ತಿದ್ದರು. ನನಗೂ ಆ ಒಂದು ಗಳಿಗೆ ಕುರ್ಚಿಯಲ್ಲಿ ಕೂರಲು ಸಿಗುತ್ತಿತ್ತು. ಇಡೀ ಪಾಠದಲ್ಲಿ ನನಗೆ ಹಿಡಿಸಿದ ಭಾಗ ಅದೊಂದೇ.

ಇನ್‌ಸ್ಪೆಕ್ಟರು ಬಂದರು. ಬಿಳಿ ಪಂಚೆ, ಕರಿ ಕೋಟು, ನಗುವನ್ನು ಮನೆಯಲ್ಲೇ ಬಿಟ್ಟುಬಂದ ಮುಖ. ಹಾಡು ಸೊಗಸಾಗಿಯೇ ಶುರುವಾಯಿತು. ರಾಜ ಹೊರಟ, ನಾಯಿ ಅಟ್ಟಿತು, ರಾಜನಿಗೆ ಸುಸ್ತಾಯಿತು. ಡೋಲಕ್ ನಿಂತಿತು. ಮಕ್ಕಳು ಕೂತರು. ಕೂತವರು ಕೂತೇ ಇದ್ದರು.

ಕರೆಂಟಿನ ಅಭಾವವೆಂದು ಆ ವಾರ ಫ್ಯಾಕ್ಟರಿಯ ರಜವನ್ನು ಭಾನುವಾರದಿಂದ ಅವತ್ತಿಗೆ ಹಾಕಿದ್ದರು. ಬೆಳಿಗ್ಗೆ, ಅದೇ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ನಮ್ಮ ಯಜಮಾನರು ಮನೆಯಲ್ಲೇ ಕೂತು ಪೇಪರು ಓದುವುದನ್ನು ಕಣ್ಣಾರೆ ಕಂಡು ಬಂದಿದ್ದೆ. ಫ್ಯಾಕ್ಟರಿ ಇಲ್ಲದ ಮೇಲೆ ಸೈರನ್ನೂ ಇಲ್ಲ ಎನ್ನುವುದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ.

"ಏಳ್ರೋ" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ. ಮಕ್ಕಳೆಲ್ಲ ಕಿಟಕಿ ನೋಡುತ್ತಿದ್ದರು. "ಯಾಕಮ್ಮಾ ನಿಲ್ಲಿಸಿದ್ರಿ?" ಎಂದು ಇನ್‌ಸ್ಪೆಕ್ಟರು ಮುಂದಿನ ಸಾಲಿನ ಲಲಿತಾಳನ್ನು ಕೇಳಿದರು. ಅವಳು ನಂಜುಂಡಪ್ಪನವರ ಮಗಳು, ಕ್ಲಾಸಿಗೇ ಜಾಣೆ. "ರಾಜ ಊಟಕ್ಕೆ ಕೂತವ್ನೆ ಸಾರ್. ಸೈರನ್ ಆಗ್ದೆ ಎದ್ರೆ ಸೂಪರ್‌ವೈಸರ್ ಬೈತಾರೆ" ಎಂದಳು. ರಾಜನಿಗೆ ಸೂಪರ್‌ವೈಸರ್ ಯಾರು ಎಂದು ಇನ್‌ಸ್ಪೆಕ್ಟರು ನನ್ನ ಕಡೆ ನೋಡಿದರು. ಹೆಡ್ ಮಿಸ್ಸೂ ನನ್ನನ್ನೇ ನೋಡಿದರು. ನನಗೆ ಅಳು ಬಂತು. ಹೋಯಿತು ಖಾಯಮ್ಮು, ಮುಂದಿನ ಬೇಸಗೆಗೂ ಉಗುರೇ ಗತಿ ಎಂದುಕೊಂಡೆ.

ಆಗ ಗೋಡೆಯ ಆಚೆಯಿಂದ "ಊಂ..." ಎಂದು ಕೇಳಿಸಿತು. ಮೊದಲು ಸಣ್ಣದಾಗಿ, ಆಮೇಲೆ ಏರುತ್ತಾ ಏರುತ್ತಾ, ಕೊನೆಗೆ ಕೆಮ್ಮಿನಲ್ಲಿ ಮುಗಿಯಿತು. ಮಕ್ಕಳು ಧಡಾರನೆ ಎದ್ದರು. ರಾಜ ಓಡಿದ, ನಾಯಿಗೆ ಸುಸ್ತಾಯಿತು, ಪೇಟ ಬಿತ್ತು, ಸಪ್ತಮಿ ಮುಗಿಯಿತು. ಇನ್‌ಸ್ಪೆಕ್ಟರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು, ಭುಜ ಮಾತ್ರ ಕುಣಿಯುತ್ತಿತ್ತು. ಹೋಗುವಾಗ, "ಮಕ್ಕಳು ಮರೆಯಲ್ಲಮ್ಮ ಇದನ್ನ. ನಾನೂ ಮರೆಯಲ್ಲ" ಎಂದರು.

ನಂಜುಂಡಪ್ಪನವರಿಗೆ ಕೃತಜ್ಞತೆ ಹೇಳಲು ಹೋದರೆ ಅವರು ಚಾಪೆ ಸುತ್ತಿಡುತ್ತಿದ್ದರು. "ನಿಮಗೋಸ್ಕರ ಅಲ್ಲ ಮಿಸ್. ದಿನಾ ಕೇಳಿ ಕೇಳಿ ಅಭ್ಯಾಸ ಆಗೋಗೈತೆ. ಆ ರಾಜನ್ನ ಅರ್ಧಕ್ಕೆ ಕೂರ್ಸ್‌ಬುಟ್ರೆ ನಂಗ್ ನಿದ್ದೆ ಎಂಗ್ ಬರ್ತದೆ?" ಎಂದರು.

ನನ್ನನ್ನು ಖಾಯಂ ಮಾಡುವುದಾಗಿ ಕಮಿಟಿಯವರು ಅವತ್ತೇ ಮಾತು ಕೊಟ್ಟರು. ಸಂತೋಷವಾಯಿತು, ನಿಜವಾಗಿ ಆಯಿತು. ಬೆನ್ನಿಗೇ ಹೆಡ್ ಮಿಸ್ಸು, "ಮುಂದಿನ ತಿಂಗಳು ಸಂಧಿಗೆ ಕೋಲಾಟ ಇಟ್ಕೊಳ್ಳೋಣ" ಎಂದರು. ಮನೆಗೆ ಬಂದವಳು ಬಾಗಿಲಲ್ಲೇ ಚಪ್ಪಲಿ ಸಮೇತ ಕೂತುಬಿಟ್ಟೆ. ಯಜಮಾನರು ಪೇಪರಿನ ಹಿಂದಿನಿಂದ, "ಕಾಫಿ ಆಗುತ್ತಾ?" ಎಂದರು.

"ಸೈರನ್ ಆಗ್ಲಿ" ಎಂದೆ.

"ಇವತ್ತು ರಜ ಕಣೇ, ಎಲ್ಲಿಂದ ಆಗುತ್ತೆ?"

"ಹಾಗಾದ್ರೆ ಕಾಫೀನೂ ಇಲ್ಲ."

ಮದುವೆಯಾದಂದಿನಿಂದ ನಾನು ಆಡಿದ ಅತ್ಯಂತ ಧೈರ್ಯದ ಮಾತು ಅದು. ಅವರು ಸ್ವಲ್ಪ ಹೊತ್ತು ಕಾದು, ಗೊಣಗುತ್ತಾ ಒಳಗೆ ಹೋಗಿ, ತಾವೇ ಪಂಪ್ ಸ್ಟೌ ಹಚ್ಚಲು ಕೂತರು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಎಂಥ ಸುಖ! ಒಳಗೆ ಸ್ಟೌ ಹತ್ತಿಕೊಂಡಿತು. ಮೊದಲು ಸಣ್ಣದಾಗಿ, ಆಮೇಲೆ ಏರುತ್ತಾ ಏರುತ್ತಾ ಊಂ ಎಂದಿತು. ನೋಡುತ್ತೇನೆ, ನಾನು ಎದ್ದು ನಿಂತು ಸೆರಗು ಸಿಕ್ಕಿಸುತ್ತಿದ್ದೆ.