ಮಾವನ ಹಾಡಿಗೊಂದು ಅಗ್ಗದ ಪೆಟ್ಟಿಗೆ

ಏನನ್ನಾದರೂ ಅಗ್ಗದಲ್ಲಿ ತರಬೇಕೆಂದು ನಾನು ಬೈಲಹೊಂಗಲದ ಮನೆಯಿಂದ ಹೊರಬಿದ್ದರೆ ಸಾಕು, ನಾಲ್ಕು ಮಂದಿ ನಗುವಂಥದ್ದು ಆಗಿಯೇ ತೀರುತ್ತದೆ. ಈ ಸಲ ಅದು ಹಾಡಿನ ಪೆಟ್ಟಿಗೆಯಿಂದ ಆಯಿತು.

ರಾಮದುರ್ಗದ ನನ್ನ ಮಾವನವರು ಅಲ್ಲಿಯ ಒಂದು ಭಜನಾ ಮಂಡಳಿಯ ಮುಖ್ಯ ಹಾಡುಗಾರರು. ಅವರು ಹಾಡಿದ್ದೆಲ್ಲ ಕ್ಯಾಸೆಟ್ಟುಗಳಲ್ಲಿತ್ತು. ಅವರ ಟೇಪ್‌ರೆಕಾರ್ಡರ್ ಕೆಟ್ಟು ಎಷ್ಟೋ ವರ್ಷಗಳಾಗಿದ್ದವು, ರೀಲುಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಅಳಿಯನಾದ ತಪ್ಪಿಗೆ ನಾನೇ ಅವನ್ನೆಲ್ಲ ಹುಬ್ಬಳ್ಳಿಗೆ ಒಯ್ದು, ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಬಂದಿದ್ದೆ. ಈಗ ಆ ಕಂಪ್ಯೂಟರೇ ನರಳತೊಡಗಿತ್ತು.

"ಅಪ್ಪನ ದನಿ ಹೋತಂದ್ರ ರಾಮದುರ್ಗಕ್ಕ ನಾ ಒಬ್ಬಾಕೀನ ಹೋಗತೇನಿ. ನೀವು ಅಲ್ಲಿ ಮಾರಿ ತೋರಸಬ್ಯಾಡ್ರಿ" ಎಂದಳು ಹೆಂಡತಿ.

ಮನೆಯ ವೈಫೈಗೆ ಜೋಡಿಸುವ ಡಿಸ್ಕಿನ ಪೆಟ್ಟಿಗೆ ಸಿಗುತ್ತದಂತೆ, ಹಾಡುಗಳನ್ನು ಅದರಲ್ಲಿಟ್ಟರೆ ಟಿವಿಯಲ್ಲೂ ಮೊಬೈಲಿನಲ್ಲೂ ಕೇಳಬಹುದಂತೆ ಎಂದು ಯಾರೋ ಹೇಳಿದರು. ಮಾವನ ದನಿಯೂ ಉಳಿಯಬೇಕು, ನನ್ನ ಕಿಸೆಯೂ ಉಳಿಯಬೇಕು. ಹಾಗೆ ಶುರುವಾಯಿತು.

ಎರಡೂ ಚಲೋ

ಕಿತ್ತೂರಿನಲ್ಲಿ ಪರಿಚಯದವರೊಬ್ಬರ ಕಂಪ್ಯೂಟರ್ ಅಂಗಡಿ ಇದೆ. ಊರವರೆಲ್ಲ ಅವರನ್ನು ಭಾಯ್ ಎನ್ನುತ್ತಾರೆ. ನನ್ನ ಬೀಜ-ಗೊಬ್ಬರದ ಅಂಗಡಿಗೆ ಅವರು ಹಳೆಯ ಗಿರಾಕಿ. ಹಾಗಾಗಿ ನನಗೆ ಸುಳ್ಳು ಹೇಳಲಾರರು ಎಂಬ ಧೈರ್ಯದಿಂದ ಹೋದೆ.

ಅವರು ಚಹಾ ತರಿಸಿ, ಎರಡು ಪೆಟ್ಟಿಗೆಗಳನ್ನು ಎದುರಿಗಿಟ್ಟರು.

"ಇದು ಹೆಂಗೈತ್ರಿ ಭಾಯ್?"

"ಭಾಳ ಚಲೋ ಐತ್ರಿ."

"ಮತ್ತ ಅದು?"

"ಅದೂ ಚಲೋ ಐತ್ರಿ."

"ಎರಡೂ ಚಲೋ ಇದ್ರ ನಾ ಯಾವುದು ಒಯ್ಯಲಿ?"

"ಅದು ನಿಮ್ಮ ಮನಿ ವೈಫೈ ಮ್ಯಾಲ ಐತ್ರಿ."

ನನಗೆ ಪಿತ್ತ ನೆತ್ತಿಗೇರಿತು. "ಇದೇನು ಮಾತ್ರಿ? ಗಿರಾಕಿ ಕೇಳಿದ್ರ ಒಂದು ನಿಕ್ಕಿ ಹೇಳಬೇಕಲ್ಲ?"

ಭಾಯ್ ಚಹಾದ ಕಪ್ಪನ್ನು ನಿಧಾನವಾಗಿ ಕೆಳಗಿಟ್ಟರು. "ಮುಂಗಾರಿಗೆ ನಾ ಸೋಯಾ ಬೀಜಾ ಕೇಳಾಕ ಬಂದಾಗ ನೀವಽ ಅಂದಿದ್ರೆಲ್ರಿ, ಎರಡೂ ಚಲೋ ಅದಾವು, ನಿಮ್ಮ ಹೊಲದ ಮ್ಯಾಲ ಐತಿ ಅಂತ. ಯಾಪಾರ ಹೆಂಗ ಮಾಡಬೇಕು ಅನ್ನೂದನ್ನ ನಾ ನಿಮ್ಮ ಕಡೇನ ಕಲತೇನ್ರಿ."

ಎರಡರಲ್ಲಿ ಅಗ್ಗದ್ದನ್ನು ಹೊತ್ತುಕೊಂಡು ಬಂದೆ.

ಭಂಡಾರ

ಅದೇ ವಾರ ಸವದತ್ತಿಯಿಂದ ನಮ್ಮಕ್ಕ ಬಂದಿದ್ದಳು. ಅವಳು ನಮ್ಮ ಮನೆಗೆ ಬರುವಾಗ ಗುಡ್ಡದ ದೇವಿಯ ಭಂಡಾರ ತಾರದೆ ಬಂದವಳಲ್ಲ. ಆ ಅರಿಶಿನದ ಪುಡಿ ನಮ್ಮ ಫ್ರಿಜ್, ಮಿಕ್ಸರ್, ಸ್ಕೂಟರ್ ಎಲ್ಲದರ ಹಣೆಗೂ ಬಿದ್ದಿದೆ. ಹೊಸ ಪೆಟ್ಟಿಗೆ ಹೇಗೆ ತಪ್ಪಿಸಿಕೊಂಡೀತು?

ಕಂಪ್ಯೂಟರಿನಿಂದ ಪೆಟ್ಟಿಗೆಗೆ ಹಾಡುಗಳು ಹೋಗುತ್ತಿದ್ದವು. ನಾನು ಬಿಳಿ ಅಂಗಿ ತೊಟ್ಟು, ಪೆಟ್ಟಿಗೆಯ ಹಿಂದೆ ಕುಳಿತು ವಯರು ಸರಿಮಾಡುತ್ತಿದ್ದೆ. ಮುಂದಿನಿಂದ ಅಕ್ಕನ ದನಿ ಕೇಳಿತು: "ಪಾಪ, ಬಾಯಿ ತಕ್ಕೊಂಡ ಕುಂತೈತಲ್ಲೋ!" ಅವಳು ಬಾಯಿ ಎಂದದ್ದು ಪೆಟ್ಟಿಗೆಯ ಗಾಳಿಯಾಡುವ ಸಂದಿಗೆ. ನಾನು "ಅಕ್ಕಾ, ಬ್ಯಾಡ" ಎನ್ನುವಷ್ಟರಲ್ಲಿ ಅವಳು ಒಂದು ಚಿಟಿಕೆ ಭಂಡಾರವನ್ನು ಅದಕ್ಕೆ ಉಣ್ಣಿಸಿಯೇಬಿಟ್ಟಳು. ಒಳಗಿನ ಫ್ಯಾನು ಅದನ್ನು ಎಳೆದುಕೊಂಡು, ಹಿಂದಿನಿಂದ ನನ್ನ ಮೋರೆಗೆ ಊದಿತು.

ಮಾವನ ದನಿ ಅರ್ಧ ಅಲ್ಲಿ, ಅರ್ಧ ಇಲ್ಲಿ! ಪೆಟ್ಟಿಗೆ ಆರಿಸಿ, ಬಿಚ್ಚಿ, ಬ್ರಷ್ಷಿನಿಂದ ಒರೆಸಿ ಮತ್ತೆ ಹಚ್ಚಿದೆ. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಅಂಗಿ ಮಾತ್ರ ಹೋಯಿತು.

ಅಕ್ಕ ಹಳದಿಯಾದ ನನ್ನನ್ನು ನೋಡಿ ಕೈಮುಗಿದಳು. "ಫ್ರಿಜ್ ಇಷ್ಟು ವರ್ಷ ಆತು, ಒಮ್ಮೆರೆ ತಿರುಗಿ ಪ್ರಸಾದ ಕೊಟ್ಟೈತೇನು? ಇದು ಗುಣವಂತ ಐತಿ ನೋಡು."

ಕೆಂಪು ದೀಪ

ಅಕ್ಕ ಹೋದಳು, ನಮ್ಮ ಜೊತೆಗೇ ಇರುವ ಅವ್ವ ಉಳಿದಳು. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುವುದನ್ನು ಅವ್ವ ಸಹಿಸುವುದಿಲ್ಲ. ಪೆಟ್ಟಿಗೆಯ ಕೆಂಪು ದೀಪ ಕಂಡಾಗಲೆಲ್ಲ ಬಟನ್ ಬಂದ್. ನಾನು ಅಂಗಡಿಯಿಂದ ಬಂದು ನೋಡಿದರೆ ಹಾಡುಗಳು ದಾರಿಯಲ್ಲೇ ನಿಂತಿರುತ್ತಿದ್ದವು.

"ಅವ್ವಾ, ಅದು ಹಗಲು ರಾತ್ರಿ ಚಾಲೂನ ಇರಬೇಕು. ಯಾವಾಗ ಯಾರು ಹಾಡು ಕೇಳತಾರೋ ಗೊತ್ತಿಲ್ಲ" ಎಂದೆ.

"ಹೂಂ, ನಿನ್ನ ಅಂಗಡಿನೂ ಹಂಗಽ ಇಡೀ ದಿನಾ ತಗದ ಇರತೈತಿ. ಯಾರು ಬರತಾರು?"

ಶ್ರುತಿ

ಕಡೆಗೂ ಎಲ್ಲ ಹಾಡುಗಳೂ ಪೆಟ್ಟಿಗೆ ಸೇರಿದವು. ಸುದ್ದಿ ತಿಳಿದು ರಾಮದುರ್ಗದಿಂದ ಮಾವ, ಅತ್ತೆ ಇಬ್ಬರೂ ಬಂದರು. ಮಾವ ಹೊಸ ರುಮಾಲು ಸುತ್ತಿದ್ದರು. ನಡುವೆ ಕುರ್ಚಿ ಹಾಕಿ ಕೂರಿಸಿದೆ. ನನ್ನ ಹೆಂಡತಿ ಹೆಮ್ಮೆಯಿಂದ ನನ್ನತ್ತ ನೋಡಿದಳು. ಮದುವೆಯಾದ ಮೇಲೆ ಅಂಥ ನೋಟ ಸಿಕ್ಕಿದ್ದು ಅಪರೂಪವೇ, ನನಗೂ ಖುಷಿಯಾಯಿತು.

ಟಿವಿಯಲ್ಲಿ ಹಾಡು ಹಚ್ಚಿದೆ. ತಾಳ, ಹಾರ್ಮೋನಿಯಂ, ಹಿಮ್ಮೇಳ ಎಲ್ಲ ಖಣಖಣ ಕೇಳಿದವು. ಮಾವ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದರು. ಆಮೇಲೆ ಒಂದು ಒಂಟಿ ದನಿ ಎದ್ದಿತು. ಹಾರ್ಮೋನಿಯಂ ಒಂದು ದಾರಿ ಹಿಡಿದರೆ ಅದು ಇನ್ನೊಂದು ದಾರಿ ಹಿಡಿದಿತ್ತು. ಮಾವನ ಕೈ ನಿಂತಿತು.

"ಯಾರಿವಾ? ಶ್ರುತಿ ಎತ್ತಾಗೋ, ಇವಾ ಎತ್ತಾಗೋ! ಇಂಥವನ್ನ ನಮ್ಮ ಮಂಡಳಿಯೊಳಗ ಯಾರು ಸೇರಿಸಿದ್ರು?"

ನಾನು ಟಿವಿ ನೋಡಿದೆ. ಹೆಂಡತಿ ನೆಲ ನೋಡಿದಳು.

ಸೊಪ್ಪು ಸೋಸುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ನೀವಽ ಅದೀರಿ. ಇಷ್ಟು ವರ್ಷ ಒಂದಽ ಮನ್ಯಾಗ ಕೇಳಿ ಕೇಳಿ ಸಾಕಾಗೇತಿ, ನನಗ ಗುರ್ತ ಸಿಗೂದಿಲ್ಲೇನು?"

ಹಾಡು ನಡೆದೇ ಇತ್ತು. ಮಾವ ಎದ್ದು ಹೋಗಿ ಪೆಟ್ಟಿಗೆಯನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅಳಿಯಾರ, ಖರೇ ಹೇಳ್ರಿ. ಇದು ಕಡಿಮಿ ರೇಟಿಂದಲ್ಲ?"

"ಹೌದ್ರಿ ಮಾವಾರ. ಇದ್ದುದರಾಗ ಅಗ್ಗದ್ದು."

ಮಾವ ದೊಡ್ಡ ಉಸಿರು ಬಿಟ್ಟು ಅತ್ತೆಯತ್ತ ತಿರುಗಿದರು. "ಕೇಳಿದ್ಯಾ? ಇವರು ಇನ್ನೊಂದೀಟು ರೊಕ್ಕಾ ಹಾಕಿ ಚಲೋದು ತಂದಿದ್ರ, ನಾ ಶ್ರುತಿಯೊಳಗಽ ಇರತಿದ್ನಿ!"